ಬಿಲ್ಲಿಗೆ ಗಂಟು ಬೀಳದ ಷರತ್ತು: ಜಾಲತಾಣದ ಸುಗಮ್ಯತೆಯನ್ನು ಕರಾರಿನಲ್ಲಿ ಬರೆಯುವುದು ಹೇಗೆ

(ಬೆಳಗಾವಿಯಲ್ಲಿ ಸ್ಥಳೀಯ ಸಂಸ್ಥೆ, ಸಹಕಾರಿ ಬ್ಯಾಂಕು ಮತ್ತು ಕಾಲೇಜುಗಳ ಖರೀದಿ ಸಿಬ್ಬಂದಿಗೆ ನೀಡಿದ ಉಪನ್ಯಾಸದ ಬರಹ ರೂಪ)

ಟೆಂಡರ್ ದಾಖಲೆಯ ಕೊನೆಯ ಪುಟಗಳಲ್ಲೆಲ್ಲೋ ಒಂದು ಸಾಲು ಇರುತ್ತದೆ: "ಜಾಲತಾಣವು ವಿಕಲಚೇತನಸ್ನೇಹಿಯಾಗಿರತಕ್ಕದ್ದು." ಪುರಸಭೆಯ ಟೆಂಡರಿನಲ್ಲೂ ಅದೇ, ಕಾಲೇಜಿನದರಲ್ಲೂ ಅದೇ, ಪತ್ತಿನ ಸಹಕಾರಿ ಸಂಘದ ಕರಾರಿನಲ್ಲೂ ಅದೇ. ಒಂದು ಕಡತದಿಂದ ಇನ್ನೊಂದಕ್ಕೆ ನಕಲಾಗುತ್ತ ಬಂದ ಸಾಲು. ಬರೆದವರ ಮನಸ್ಸು ಒಳ್ಳೆಯದೇ. ಆದರೆ ಕೆಲಸ ಮುಗಿದು ಬಿಲ್ಲು ಮೇಜಿಗೆ ಬಂದ ದಿನ ಆ ಸಾಲನ್ನು ಹಿಡಿದುಕೊಂಡು ಒಂದು ರೂಪಾಯಿಯನ್ನೂ ತಡೆಯಲಾಗದು. "ಮೇಲೆ ಬಲಗಡೆ ಅಕ್ಷರ ದೊಡ್ಡದು, ಚಿಕ್ಕದು ಮಾಡುವ ಗುಂಡಿ ಕೊಟ್ಟಿದ್ದೇವಲ್ಲ ಸರ್" ಎಂದು ಜಾಲತಾಣ ಮಾಡಿಕೊಟ್ಟ ಏಜೆನ್ಸಿಯವರು ಹೇಳುತ್ತಾರೆ. ಯಾವ ಮಾನದಂಡ, ಯಾವ ಪುಟ, ಅಳೆಯುವವರು ಯಾರು ಎಂಬುದನ್ನು ಕರಾರು ಹೇಳಿಲ್ಲ. ಹಾಗಾಗಿ ಅವರ ಉತ್ತರ ತಪ್ಪು ಅನ್ನಲು ನಿಮ್ಮ ಕೈಯಲ್ಲಿ ಆಧಾರವಿಲ್ಲ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಸುಗಮ್ಯತೆ, ಅಂದರೆ ವಿಕಲಚೇತನರೂ ಜಾಲತಾಣವನ್ನು ತಾವೇ ಬಳಸಲು ಆಗುವಂತಿರುವುದು, ಕೆಲಸ ಒಪ್ಪಿಕೊಳ್ಳುವ ಪರೀಕ್ಷೆಯ ಭಾಗವಾಗಬೇಕು, ಆ ಪರೀಕ್ಷೆ ಹಣ ಪಾವತಿಗೆ ಗಂಟು ಬಿದ್ದಿರಬೇಕು. ಇಷ್ಟಾಗದಿದ್ದರೆ ಉಳಿದದ್ದೆಲ್ಲ ಕಾಗದದ ಮೇಲೆಯೇ ಉಳಿಯುತ್ತದೆ.

ಕಾನೂನಿನ ಮಾತನ್ನು ಬೇಗ ಮುಗಿಸುತ್ತೇನೆ. ವಿಕಲಚೇತನ ವ್ಯಕ್ತಿಗಳ ಹಕ್ಕುಗಳ ಕಾಯ್ದೆ 2016ರದ್ದು, ಜಾರಿಗೆ ಬಂದದ್ದು 2017ರ ಏಪ್ರಿಲ್ 19ರಂದು. ಅದು ಸರ್ಕಾರಿ ಕಚೇರಿಗಳಿಗೆ ಮಾತ್ರ ಎಂಬ ನಂಬಿಕೆ ನಮ್ಮ ಕಡೆ ಬಲವಾಗಿದೆ. ಕಾಯ್ದೆಯ ಕಲಂ 2ರಲ್ಲಿ ಖಾಸಗಿ ಸಂಸ್ಥೆಯ ವ್ಯಾಖ್ಯೆ ಓದಿ ನೋಡಿ: ಕಂಪನಿ, ಪಾಲುದಾರಿಕೆ ಸಂಸ್ಥೆ, ಸಹಕಾರ ಸಂಘ, ಟ್ರಸ್ಟ್, ಕಾರ್ಖಾನೆ ಎಲ್ಲವೂ ಅದರೊಳಗೆ ಬರುತ್ತವೆ. ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳಲ್ಲಿ ಸಹಕಾರ ಸಂಘಗಳೂ ಶಿಕ್ಷಣ ಟ್ರಸ್ಟ್‌ಗಳೂ ಎಷ್ಟಿವೆ ಎಂದು ನಿಮಗೇ ಗೊತ್ತು. ಕಲಂ 42 ಮಾಹಿತಿ ಮತ್ತು ಸಂವಹನ ತಂತ್ರಜ್ಞಾನದ ಬಗ್ಗೆ, ಕಲಂ 46 ಸರ್ಕಾರಿ, ಖಾಸಗಿ ಸೇವೆ ಕೊಡುವ ಎಲ್ಲರ ಹೊಣೆಯ ಬಗ್ಗೆ. ಕಲಂ 89ರಂತೆ ಮೊದಲ ಉಲ್ಲಂಘನೆಗೆ 10,000 ರೂಪಾಯಿವರೆಗೆ ದಂಡ, ಮತ್ತೆ ಮಾಡಿದರೆ 50,000ಕ್ಕೆ ಕಡಿಮೆಯಿಲ್ಲದೆ 5 ಲಕ್ಷದವರೆಗೆ. 2017ರ ನಿಯಮಗಳ 15ನೇ ನಿಯಮ ಜಾಲತಾಣಗಳಿಗೆ ಭಾರತ ಸರ್ಕಾರದ ಜಾಲತಾಣ ಮಾರ್ಗಸೂಚಿಯನ್ನು ಅಂಟಿಸಿತು. 2023ರ ತಿದ್ದುಪಡಿ ಭಾರತೀಯ ಮಾನಕ ಸಂಸ್ಥೆಯ ಸುಗಮ್ಯತಾ ಮಾನದಂಡ ಐಎಸ್ 17802 ಅನ್ನು ಸೇರಿಸಿತು. 2024ರ ನವೆಂಬರ್ 8ರಂದು ರಾಜೀವ್ ರತೂರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, 15ನೇ ನಿಯಮದ ಮೊದಲ ಉಪನಿಯಮ ಬರೀ ಸಲಹೆಯ ಮಟ್ಟದಲ್ಲಿದೆ, ಕಾಯ್ದೆ ಬಯಸುವುದು ಕಡ್ಡಾಯ ನಿಯಮವನ್ನು ಎಂದು ಹೇಳಿತು. 2025ರ ಏಪ್ರಿಲ್ 30ರ ಪ್ರಜ್ಞಾ ಪ್ರಸೂನ್ ತೀರ್ಪು ಇನ್ನೂ ಮುಂದೆ ಹೋಗಿ, ಡಿಜಿಟಲ್ ಸೇವೆಗಳನ್ನು ತಲುಪುವ ಹಕ್ಕು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗವೇ ಎಂದಿತು. ಬ್ಯಾಂಕಿನವರು ಆ ತೀರ್ಪನ್ನು ಪೂರ್ತಿ ಓದಬೇಕು. ಗ್ರಾಹಕರ ಗುರುತನ್ನು ಆನ್‌ಲೈನಿನಲ್ಲಿ ಖಚಿತಪಡಿಸುವ ಇ-ಕೆವೈಸಿಯಲ್ಲಿ "ಕಣ್ಣು ಮಿಟುಕಿಸಿ" ಎಂದು ಕೇಳುವ ಪರೀಕ್ಷೆಗೆ ಪರ್ಯಾಯ ದಾರಿ ಇರಬೇಕು ಎಂಬ ನಿರ್ದೇಶನ ಅದರಲ್ಲಿದೆ.

ಕರಾರು ಬರೆಯುವವರು ಕಡ್ಡಾಯ ನಿಯಮಕ್ಕಾಗಿ ಕಾಯುತ್ತ ಕೂರಬೇಕಾಗಿಲ್ಲ. ಇಬ್ಬರು ಸಹಿ ಹಾಕಿದ ಷರತ್ತು 1872ರ ಕರಾರು ಕಾಯ್ದೆಯಡಿ ತಾನಾಗಿಯೇ ಬದ್ಧ.

ಕಡಿಮೆ ದರದ ಲೆಕ್ಕ

ನಮ್ಮ ಖರೀದಿ ನಡೆಯುವುದು ಎಲ್-1, ಅಂದರೆ ಅತಿ ಕಡಿಮೆ ದರದ ಬಿಡ್, ಮೇಲೆ. ಸಾರ್ವಜನಿಕ ಖರೀದಿಗೆ ಸಂಬಂಧಿಸಿದ ಕರ್ನಾಟಕದ ಪಾರದರ್ಶಕತೆ ಕಾಯ್ದೆ 1999ರಡಿ ರಾಜ್ಯದ ಖರೀದಿ ಪೋರ್ಟಲ್ ಕೆಪಿಪಿಪಿಯಲ್ಲಿ ತಾಂತ್ರಿಕ, ದರ ಎಂಬ ಎರಡು ಲಕೋಟೆ ತೆರೆದರೂ, ತಾಂತ್ರಿಕ ಲಕೋಟೆ ದಾಟಿದವರಲ್ಲಿ ಕಡಿಮೆ ದರದವರಿಗೇ ಕೆಲಸ. ಈಗ ಯೋಚಿಸಿ: "ವಿಕಲಚೇತನಸ್ನೇಹಿ" ಎಂಬ ಒಂದೇ ಸಾಲಿನ ಟೆಂಡರಿಗೆ ಎರಡು ಏಜೆನ್ಸಿ ದರ ಹಾಕುತ್ತವೆ. ಒಬ್ಬರು ಕೀಬೋರ್ಡ್ ಪರೀಕ್ಷೆ, ಪರದೆಯ ಪಠ್ಯವನ್ನು ಗಟ್ಟಿಯಾಗಿ ಓದುವ ಸ್ಕ್ರೀನ್ ರೀಡರ್ ತಂತ್ರಾಂಶದ ಪರೀಕ್ಷೆ, ಪಿಡಿಎಫ್‌ಗಳ ತಿದ್ದುಪಡಿ ಎಲ್ಲದಕ್ಕೂ ಮಾನವದಿನಗಳ ಲೆಕ್ಕ ಹಾಕಿ ದರ ಕೊಟ್ಟರು. ಇನ್ನೊಬ್ಬರು ಯಾವುದನ್ನೂ ಲೆಕ್ಕ ಹಿಡಿಯಲಿಲ್ಲ. ಗೆಲ್ಲುವವರು ಎರಡನೆಯವರು. ಅಸ್ಪಷ್ಟ ಷರತ್ತು ಪ್ರಾಮಾಣಿಕ ಬಿಡ್‌ದಾರನಿಗೇ ಹೊಡೆತ ಕೊಡುತ್ತದೆ. ಸ್ಪಷ್ಟವಾಗಿ ಬರೆದರೆ ಎಲ್ಲರೂ ಒಂದೇ ಕೆಲಸಕ್ಕೆ ದರ ಹಾಕಿದಂತಾಗುತ್ತದೆ. ಏಜೆನ್ಸಿಗಳಿಗೆ ಇದು ಹೊರೆ ಎಂದು ಮರುಗುವವರಿಗೆ ನಾನು ಕೊಡುವ ಉತ್ತರ ಇದೇ.

ತಾಂತ್ರಿಕ ಲಕೋಟೆಯಲ್ಲಿ ಸುಗಮ್ಯತೆಗೆ ಐದೋ ಹತ್ತೋ ಅಂಕ ಇಡುವ ರೂಢಿಯೂ ಇದೆ. ಅದನ್ನು ನಾನು ಒಪ್ಪುವುದಿಲ್ಲ. ಅಂಕವಾದರೆ ಬಿಟ್ಟುಕೊಟ್ಟು ಬೇರೆ ಕಡೆ ತುಂಬಿಸಿಕೊಳ್ಳಬಹುದು. ಅರ್ಹತಾ ಷರತ್ತಾಗಿಯೇ ಇಡಿ: ಬಿಡ್‌ದಾರರು ತಾವು ಈಗಾಗಲೇ ಮಾಡಿರುವ ಒಂದು ಜಾಲತಾಣದ ಒಂದು ಪೂರ್ಣ ಅರ್ಜಿಯನ್ನು ಮೌಸ್ ಮುಟ್ಟದೆ, ಬರೀ ಕೀಬೋರ್ಡಿನಿಂದ ತುಂಬಿ ತೋರಿಸಬೇಕು. ಹದಿನೈದು ನಿಮಿಷ ಸಾಕು. ಪ್ರಿ-ಬಿಡ್ ಸಭೆಯಲ್ಲೇ ಇದನ್ನು ಹೇಳಿಬಿಡಿ. ತಯಾರಿ ಇಲ್ಲದವರು ಪ್ರಶ್ನೆ ಕೇಳತೊಡಗುತ್ತಾರೆ, ಆ ಪ್ರಶ್ನೆಗಳಿಂದ ನಿಮಗೂ ಬಹಳ ತಿಳಿಯುತ್ತದೆ.

ಸುರಕ್ಷತೆಯ ವಿಷಯದಲ್ಲಿ ನಾವು ಇಷ್ಟು ಗಟ್ಟಿಯಾಗಿದ್ದೇವೆ ಎಂಬುದನ್ನು ಮರೆಯಬೇಡಿ. ಕೇಂದ್ರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್‌ನ ಪಟ್ಟಿಯಲ್ಲಿರುವ ಸುರಕ್ಷತಾ ತಪಾಸಕರ ಪ್ರಮಾಣಪತ್ರ ಇಲ್ಲದೆ ಕೇಂದ್ರದ ಮಾಹಿತಿ ತಂತ್ರಜ್ಞಾನ ಸಂಸ್ಥೆ ಎನ್‌ಐಸಿಯ ಸರ್ವರಿಗೆ ಜಾಲತಾಣ ಏರುವುದಿಲ್ಲ. ಏಜೆನ್ಸಿಯವರು ಅದಕ್ಕೆ ಗೊಣಗುವುದೂ ಇಲ್ಲ, ದರದಲ್ಲಿ ಹಿಡಿದೇ ಬರುತ್ತಾರೆ. ಸುಗಮ್ಯತೆಗೂ ಅದೇ ಜಾಗ ಬೇಕು.

ಯಾವ ಮಾನದಂಡ, ಎಲ್ಲಿಯವರೆಗೆ

ಮಾನದಂಡದ ಹೆಸರು, ಆವೃತ್ತಿ, ಮಟ್ಟ ಮೂರನ್ನೂ ಬರೆಯಬೇಕು. ಜಗತ್ತಿನಾದ್ಯಂತ ಬಳಕೆಯಲ್ಲಿರುವುದು, ಜಾಲದ ಮಾನದಂಡಗಳನ್ನು ರೂಪಿಸುವ ಡಬ್ಲ್ಯೂ3ಸಿ ಸಂಸ್ಥೆಯ ಸುಗಮ್ಯತಾ ಮಾರ್ಗಸೂಚಿ ಡಬ್ಲ್ಯೂಸಿಎಜಿ. ಅದರ 2.1ನೇ ಆವೃತ್ತಿ 2018ರ ಜೂನ್‌ನಲ್ಲಿ, 2.2 ಆವೃತ್ತಿ 2023ರ ಅಕ್ಟೋಬರ್‌ನಲ್ಲಿ ಬಂತು. ಎ, ಎಎ, ಎಎಎ ಎಂದು ಮೂರು ಮಟ್ಟ. ಎಎ ಎಂದರೆ ಎ ಮಟ್ಟದ ಅಂಶಗಳೂ ಸೇರಿಯೇ. 2.1ರಲ್ಲಿ ಎ ಮತ್ತು ಎಎ ಸೇರಿ 50 ಅಂಶ, 2.2ರಲ್ಲಿ 55. ಭಾರತ ಸರ್ಕಾರದ ಜಾಲತಾಣ ಮಾರ್ಗಸೂಚಿಯ 3.0 ಆವೃತ್ತಿ 2.1ರ ಎಎ ಮಟ್ಟವನ್ನೇ ಆಧರಿಸಿದೆ. ಐಎಸ್ 17802 ಯುರೋಪಿನ ಇಎನ್ 301 549ರ ದಾರಿಯಲ್ಲೇ ಬಂದದ್ದು. ಇಎನ್ ಹುಟ್ಟಿದ್ದೇ ಸಾರ್ವಜನಿಕ ಖರೀದಿಗಾಗಿ.

ಹೊಸ ಕರಾರುಗಳಿಗೆ 2.2ರ ಎಎ ಬರೆಯಿರಿ ಎಂಬುದು ನನ್ನ ಸಲಹೆ. ಅದನ್ನು ಮುಟ್ಟಿದ ಪುಟ 2.1ಕ್ಕೂ ಸಾಲುತ್ತದೆ. ಹೊಸದಾಗಿ ಸೇರಿದ ಅಂಶಗಳು ನಮ್ಮ ಜನರಿಗೆ ನೇರ ತಟ್ಟುವಂಥವು: ಬೆರಳಿನಿಂದ ಒತ್ತುವ ಗುಂಡಿ ಕನಿಷ್ಠ 24ಕ್ಕೆ 24 ಸಿಎಸ್‌ಎಸ್ ಪಿಕ್ಸೆಲ್ (ಜಾಲಪುಟದ ಅಳತೆಯ ಮಾನ) ಇರಬೇಕು, ಲಾಗಿನ್ ಆಗಲು ಒಗಟು ಬಿಡಿಸುವಂತೆಯೋ ಪಾಸ್‌ವರ್ಡನ್ನು ಪೇಸ್ಟ್ ಮಾಡದೆ ನೆನಪಿನಿಂದಲೇ ಟೈಪಿಸುವಂತೆಯೋ ಒತ್ತಾಯಿಸಬಾರದು, ಒಂದು ಸಲ ಕೊಟ್ಟ ವಿಳಾಸವನ್ನು ಅದೇ ಅರ್ಜಿಯಲ್ಲಿ ಮತ್ತೆ ಕೇಳಬಾರದು.

ಕರಾರಿನ ಸಾಲು ಹೀಗಿರಲಿ: "ಈ ಕರಾರಿನಡಿ ತಯಾರಾಗುವ ಎಲ್ಲ ಪುಟಗಳು, ಅರ್ಜಿಗಳು, ಮೊಬೈಲ್ ಆ್ಯಪ್, ಪಿಡಿಎಫ್‌ಗಳು, ವಿಡಿಯೋಗಳು, ಸ್ವಯಂಚಾಲಿತ ಇಮೇಲ್‌ಗಳು ಹಾಗೂ ಸಿಬ್ಬಂದಿ ಮಾಹಿತಿ ಏರಿಸುವ ಒಳಪುಟಗಳು ಡಬ್ಲ್ಯೂಸಿಎಜಿ 2.2 ಎಎ ಮಟ್ಟ ಮತ್ತು ಐಎಸ್ 17802ರ ಅನ್ವಯಿಸುವ ಭಾಗಗಳಿಗೆ ಹೊಂದಿಕೆಯಾಗಿರತಕ್ಕದ್ದು. ಏಜೆನ್ಸಿಯು ಬಳಸುವ ಮೂರನೆಯವರ ಭಾಗಗಳಿಗೂ ಇದು ಅನ್ವಯ."

ಕೊನೆಯ ವಾಕ್ಯವನ್ನು ಬಿಡಬೇಡಿ. ಹೆಚ್ಚಿನ ಬಾರಿ ಕೆಲಸ ನಿಲ್ಲುವುದು ಏಜೆನ್ಸಿ ಬರೆದ ಪುಟದಲ್ಲಲ್ಲ. ಕ್ಯಾಪ್ಚಾ, ದಿನಾಂಕದ ಕ್ಯಾಲೆಂಡರ್, ನಕ್ಷೆ, ಚಾಟ್ ಪೆಟ್ಟಿಗೆ, ಪೇಮೆಂಟ್ ಗೇಟ್‌ವೇ ಇವೆಲ್ಲ ಬೇರೆಲ್ಲಿಂದಲೋ ತಂದು ಕೂರಿಸಿದವು. ಮೂವತ್ತು ವರ್ಷ ಹಿಂದಿನ ಜನ್ಮದಿನ ಆರಿಸಲು ತಿಂಗಳು ತಿಂಗಳಾಗಿ ಬಾಣದ ಗುರುತು ಒತ್ತಬೇಕಾದ ಕ್ಯಾಲೆಂಡರ್, ಕೀಬೋರ್ಡಿಗೆ ಸಿಗದ ಕ್ಯಾಲೆಂಡರ್, ಟೈಪ್ ಮಾಡಲು ಬಿಡದ ಕ್ಯಾಲೆಂಡರ್: ಮೂರೂ ಒಂದೇ ಪೆಟ್ಟಿಗೆಯಲ್ಲಿ ಕಾಣಸಿಗುತ್ತವೆ. ದಿನ, ತಿಂಗಳು, ವರ್ಷಕ್ಕೆ ಮೂರು ಸರಳ ಖಾನೆ ಕೊಟ್ಟರೆ ಮುಗಿಯಿತು. ಓಟಿಪಿಗೆ ಆರು ಬಿಡಿ ಚೌಕ ಇಡುವುದು ಈಗಿನ ಫ್ಯಾಷನ್. ಚೌಕಗಳಿಗೆ ಹೆಸರಿಲ್ಲದಿದ್ದರೆ ಸ್ಕ್ರೀನ್ ರೀಡರ್ ಆರು ಸಲವೂ ಖಾಲಿ ಖಾನೆ ಎಂದಷ್ಟೇ ಹೇಳುತ್ತದೆ, ಪೇಸ್ಟ್ ಮಾಡಿದರೆ ಒಂದೇ ಅಂಕಿ ಬೀಳುತ್ತದೆ. ಒಂದೇ ಖಾನೆ ಇಡಿ. ಸಮಯ ಮುಗಿಯುವ ಮುನ್ನ ಎಚ್ಚರಿಕೆ ಬರಬೇಕು, ಸಮಯ ಹೆಚ್ಚಿಸಿಕೊಳ್ಳಲು ಕನಿಷ್ಠ 20 ಸೆಕೆಂಡು ಸಿಗಬೇಕು. ಇದು ಮಾನದಂಡದಲ್ಲೇ ಇರುವ ಮಾತು.

ಮೂರನೆಯವರ ಭಾಗವನ್ನು ತಿದ್ದಲು ನಿಜಕ್ಕೂ ಆಗದ ಸಂದರ್ಭವೂ ಇರುತ್ತದೆ. ಆಗ ವಿನಾಯಿತಿಯನ್ನು ಬಾಯಿಮಾತಿನಲ್ಲಿ ಕೊಡಬೇಡಿ. ಯಾವ ಭಾಗ, ಯಾವ ಅಂಶ ತಪ್ಪುತ್ತದೆ, ಬಳಕೆದಾರರಿಗೆ ಬದಲಿ ದಾರಿ ಏನು, ಯಾವ ತಾರೀಖಿನವರೆಗೆ ಎಂದು ಬರೆದು ಇಬ್ಬರೂ ಸಹಿ ಹಾಕಿದ ಪಟ್ಟಿ ಇರಲಿ. ತಾರೀಖಿಲ್ಲದ ವಿನಾಯಿತಿ ಶಾಶ್ವತವಾಗಿಬಿಡುತ್ತದೆ.

ಕನ್ನಡದಲ್ಲೇ ಕೆಡುವ ಸಂಗತಿಗಳು

ಇಂಗ್ಲಿಷ್ ಕರಾರಿನ ಮಾದರಿಗಳನ್ನು ಎಲ್ಲಿಂದ ತಂದರೂ ಈ ಭಾಗ ಅದರಲ್ಲಿ ಸಿಗುವುದಿಲ್ಲ. ಆದ್ದರಿಂದ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ.

ಮೊದಲನೆಯದು ಪುಟದ ಭಾಷೆಯ ಗುರುತು. ಪ್ರತಿ ಪುಟದ ಎಚ್‌ಟಿಎಂಎಲ್‌ನಲ್ಲಿ ಇದು ಯಾವ ಭಾಷೆ ಎಂದು ಹೇಳುವ ಲ್ಯಾಂಗ್ ಎಂಬ ಗುಣ ಇರುತ್ತದೆ. ತಯಾರಾಗಿ ಸಿಗುವ ಟೆಂಪ್ಲೇಟುಗಳಲ್ಲಿ ಅದು ಇಂಗ್ಲಿಷ್ ಎಂದೇ ಇರುತ್ತದೆ, ಯಾರೂ ಬದಲಿಸುವುದಿಲ್ಲ. ಎನ್‌ವಿಡಿಎ ಉಚಿತವಾಗಿ ಸಿಗುವ ಸ್ಕ್ರೀನ್ ರೀಡರ್, ಅದರ ಜೊತೆಗೆ ಬರುವ ಇಸ್ಪೀಕ್ ಧ್ವನಿಗೆ ಕನ್ನಡ ಓದಲು ಬರುತ್ತದೆ. ಆದರೆ ಪುಟವೇ "ನಾನು ಇಂಗ್ಲಿಷ್" ಎಂದು ಹೇಳಿದರೆ ಇಂಗ್ಲಿಷ್ ಧ್ವನಿ ಕನ್ನಡ ಅಕ್ಷರಗಳ ಮೇಲೆ ಎಡವುತ್ತದೆ, ಇಲ್ಲವೇ ಅವನ್ನು ಬಿಟ್ಟೇ ಮುಂದೆ ಹೋಗುತ್ತದೆ. ಬೆಳಗಾವಿಯ ಪುಟಗಳಲ್ಲಿ ಕನ್ನಡದ ನಡುವೆ ಮರಾಠಿ, ಇಂಗ್ಲಿಷ್ ಸಾಲುಗಳೂ ಬರುತ್ತವೆ. ಪುಟಕ್ಕೆ ಒಂದು ಗುರುತು ಇರಬೇಕು ಎಂಬುದು ಎ ಮಟ್ಟದ ಅಂಶ, ಒಳಗಿನ ಬೇರೆ ಭಾಷೆಯ ಭಾಗಕ್ಕೆ ಅದರದೇ ಗುರುತು ಇರಬೇಕು ಎಂಬುದು ಎಎ ಮಟ್ಟದ ಅಂಶ. ತಿದ್ದಲು ಒಂದು ಸಾಲಿನ ಕೆಲಸ. ಅರ್ಜಿ ಕನ್ನಡದಲ್ಲಿದ್ದು ತಪ್ಪಿನ ಸೂಚನೆ, ತಿಂಗಳ ಹೆಸರು ಮಾತ್ರ ಇಂಗ್ಲಿಷಿನಲ್ಲಿ ಬರುವುದೂ ಇದರ ಜೊತೆಗಿನ ರೋಗ. ಲೈಬ್ರರಿಯ ಮೂಲ ಸಂದೇಶಗಳನ್ನು ಏಜೆನ್ಸಿ ಅನುವಾದಿಸಿರುವುದಿಲ್ಲ. "ಎಲ್ಲ ಸೂಚನೆ, ದೋಷಸಂದೇಶಗಳೂ ಪುಟದ ಭಾಷೆಯಲ್ಲೇ" ಎಂದು ಬರೆಯಿರಿ.

ಎರಡನೆಯದು ನುಡಿ ಎಂಬ ಕನ್ನಡ ಟೈಪಿಂಗ್ ತಂತ್ರಾಂಶ. ಹಳೆಯ ನುಡಿ ಅಕ್ಷರಶೈಲಿಗಳಲ್ಲಿ ಟೈಪಾದ ಕಡತ ಕಣ್ಣಿಗೆ ಕನ್ನಡ, ಒಳಗೆ ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ರಾಶಿ. ಸ್ಕ್ರೀನ್ ರೀಡರ್ ಓದುವುದು ಆ ರಾಶಿಯನ್ನು. ಹುಡುಕಾಟಕ್ಕೂ ಅದು ಸಿಗುವುದಿಲ್ಲ. ಕಚೇರಿಯ ಹಳೆಯ ನಡಾವಳಿ, ಸುತ್ತೋಲೆ, ಪಠ್ಯಕ್ರಮ ಎಲ್ಲ ಹೀಗೇ ಇರುವುದರಿಂದ ಇದು ದೊಡ್ಡ ಪ್ರಮಾಣದ ಕೆಲಸ. ಎಷ್ಟು ಪುಟಗಳನ್ನು, ಪ್ರತಿ ಭಾಷೆಯ ಅಕ್ಷರಕ್ಕೂ ಅದರದೇ ಸಂಕೇತ ಇರುವ ಯೂನಿಕೋಡ್‌ಗೆ ಪರಿವರ್ತಿಸಬೇಕು ಎಂದು ಎಣಿಸಿ ಟೆಂಡರಿನಲ್ಲಿ ಪ್ರತ್ಯೇಕ ಬಾಬ್ತಾಗಿ ತೋರಿಸಿ. ಪರಿವರ್ತಕ ತಂತ್ರಾಂಶಗಳು ಇವೆ, ಆದರೆ ಒತ್ತಕ್ಷರ, ಅರ್ಕಾವತ್ತುಗಳಲ್ಲಿ ಎಡವುತ್ತವೆ. ಹಾಗಾಗಿ ಕರಡು ತಿದ್ದುವ ಕೂಲಿಯನ್ನೂ ಸೇರಿಸಿ.

ಮೂರನೆಯದು ಹೆಚ್ಚಿನವರಿಗೆ ಗೊತ್ತಿಲ್ಲದ್ದು. ಯೂನಿಕೋಡ್‌ನಲ್ಲೇ ಟೈಪಿಸಿ ಪಿಡಿಎಫ್ ಮಾಡಿದರೂ ಕನ್ನಡ ಕೆಡಬಹುದು. ಪಿಡಿಎಫ್ ಹಿಡಿದಿಡುವುದು ಅಕ್ಷರದ ಆಕಾರವನ್ನು. ಆ ಆಕಾರ ಯಾವ ಯೂನಿಕೋಡ್ ಅಕ್ಷರಗಳಿಂದ ಬಂತು ಎಂಬ ಕೊಂಡಿ ಸರಿಯಾಗಿ ಕೂರದಿದ್ದರೆ ಸಂಯುಕ್ತಾಕ್ಷರಗಳು ಚದುರುತ್ತವೆ. ಪರೀಕ್ಷೆ ಸುಲಭ: ಪಿಡಿಎಫ್‌ನಿಂದ ಒಂದು ಪ್ಯಾರಾ ಕಾಪಿ ಮಾಡಿ ನೋಟ್‌ಪ್ಯಾಡ್‌ಗೆ ಹಾಕಿ. ಕನ್ನಡ ಕನ್ನಡವಾಗಿಯೇ ಬಿದ್ದರೆ ಅರ್ಧ ಗೆದ್ದಂತೆ. ಈ ಕಾರಣಕ್ಕೆ ಜನರಿಗೆ ಬೇಕಾದ ಮಾಹಿತಿಯನ್ನು ಮೊದಲು ಪುಟವಾಗಿಯೇ ಹಾಕಿ, ಪಿಡಿಎಫ್ ಅನ್ನು ಪ್ರತಿಯಾಗಿ ಮಾತ್ರ ಇಡಿ ಎಂದು ಒತ್ತಿ ಹೇಳುತ್ತೇನೆ. ವಾಟ್ಸಾಪಿಗೆ ಮಾಡಿದ ಪೋಸ್ಟರನ್ನೇ ಪ್ರಕಟಣೆ ಎಂದು ಏರಿಸುವುದು ಇದಕ್ಕಿಂತ ಕೆಟ್ಟದ್ದು, ಅಲ್ಲಿ ಓದಲು ಏನೂ ಇಲ್ಲ.

ಇನ್ನು ಕಣ್ಣು ಮಂದವಾದವರ ಮಾತು. ಕನ್ನಡದ ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುತ್ತವೆ. ಇಂಗ್ಲಿಷಿಗೆಂದು ಗೆರೆ ಎಳೆದ ಎತ್ತರದ ಗುಂಡಿಯಲ್ಲಿ "ಅರ್ಜಿ ಸಲ್ಲಿಸಿ" ಎಂದು ಬರೆದರೆ ಲಕಾರದ ಒತ್ತು ಅಂಚಿನಲ್ಲಿ ಕತ್ತರಿಸಿಹೋಗುತ್ತದೆ; ದೊಡ್ಡದು ಮಾಡಿದಷ್ಟೂ ಹೆಚ್ಚು ಕತ್ತರಿಸುತ್ತದೆ. ಸಾಲಿನ ಎತ್ತರವನ್ನು ಅಕ್ಷರದ ಒಂದೂವರೆ ಪಟ್ಟಿಗೆ ಏರಿಸಿದರೂ ಪಠ್ಯ ಕಳೆದುಹೋಗಬಾರದು ಎಂದು ಮಾನದಂಡ ಹೇಳುತ್ತದೆ. ಪೆಟ್ಟಿಗೆಗೆ ನಿಗದಿ ಎತ್ತರ ಕೊಡದಿದ್ದರೆ ಈ ತೊಂದರೆ ಬರುವುದೇ ಇಲ್ಲ. ಬಣ್ಣದ ವ್ಯತ್ಯಾಸಕ್ಕೆ ಅಳತೆ ಇದೆ: ಸಾಮಾನ್ಯ ಪಠ್ಯಕ್ಕೆ 4.5ಕ್ಕೆ 1, ದೊಡ್ಡ ಅಕ್ಷರಕ್ಕೆ 3ಕ್ಕೆ 1. ನಮ್ಮ ಪ್ರೀತಿಯ ಹಳದಿ-ಕೆಂಪನ್ನೇ ಅಳೆದು ನೋಡಿ: ಅಚ್ಚ ಹಳದಿಯ ಮೇಲೆ ಅಚ್ಚ ಕೆಂಪು 3.7ರ ಆಸುಪಾಸು. ತಲೆಬರಹಕ್ಕೆ ಸಾಲುತ್ತದೆ, ಸಣ್ಣ ಅಕ್ಷರಕ್ಕೆ ಸಾಲದು. ಕೆಂಪನ್ನು ಗಾಢ ಮಾಡಿದರೆ ದಾಟುತ್ತದೆ. ಬಣ್ಣ ಬಿಡಿ ಎಂದು ಯಾರೂ ಹೇಳುತ್ತಿಲ್ಲ.

ಮತ್ತು ಆ ಓಡುವ ಸಾಲು. ಪ್ರಕಟಣೆಗಳು ಬಲದಿಂದ ಎಡಕ್ಕೆ ಹರಿಯುತ್ತಲೇ ಇರುತ್ತವೆ. 5 ಸೆಕೆಂಡಿಗಿಂತ ಹೆಚ್ಚು ಚಲಿಸುವ ಯಾವುದಕ್ಕೂ ನಿಲ್ಲಿಸುವ ಗುಂಡಿ ಇರಬೇಕು. ಗುಂಡಿ ಇಡುವುದಕ್ಕಿಂತ ಓಟವನ್ನೇ ತೆಗೆದು ನಿಂತ ಪಟ್ಟಿ ಮಾಡಿ.

ಪರೀಕ್ಷೆ

ಏಜೆನ್ಸಿ ಮೊದಲು ತರುವುದು ಒಂದು ಸ್ವಯಂಚಾಲಿತ ತಪಾಸಣೆಯ ವರದಿ. ಲೈಟ್‌ಹೌಸ್‌ನಲ್ಲಿ ನೂರಕ್ಕೆ ನೂರು ಎಂದು ಹಸಿರು ವೃತ್ತ. ಲೈಟ್‌ಹೌಸ್, ಆಕ್ಸ್, ವೇವ್ ಉಪಯುಕ್ತ ಸಾಧನಗಳೇ, ಪ್ರತಿ ಬಿಡುಗಡೆಯಲ್ಲೂ ಓಡಿಸಬೇಕು. ಆದರೆ ಅವು ಹಿಡಿಯುವುದು ಯಂತ್ರ ಹಿಡಿಯಬಲ್ಲ ತಪ್ಪುಗಳನ್ನಷ್ಟೇ. ಚಿತ್ರಕ್ಕೆ ವಿವರಣೆ ಇದೆಯೇ ಎಂದು ನೋಡುತ್ತವೆ, ಆ ವಿವರಣೆ "ಬ್ಯಾನರ್ 1" ಆಗಿದ್ದರೂ ಪಾಸು. ಅರ್ಜಿ ಕೊನೆಯವರೆಗೂ ತುಂಬಲಾಗುತ್ತದೆಯೇ ಎಂದು ಅವಕ್ಕೆ ತಿಳಿಯದು.

ಆದ್ದರಿಂದ ಕರಾರಿನಲ್ಲಿ ಕೆಲಸಗಳ ಹೆಸರು ಬರೆಯಿರಿ, ಪುಟಗಳದ್ದಲ್ಲ. ಕಾಲೇಜಾದರೆ: ಪ್ರವೇಶ ಅರ್ಜಿ ತುಂಬಿ, ದಾಖಲೆ ಏರಿಸಿ, ಶುಲ್ಕ ಕಟ್ಟಿ, ರಸೀದಿ ಇಳಿಸಿಕೊಳ್ಳುವುದು. ಬ್ಯಾಂಕಾದರೆ: ಲಾಗಿನ್, ಹಣ ವರ್ಗಾವಣೆ, ಪಾಸ್‌ಬುಕ್ ವಿವರ, ದೂರು. ಡಬ್ಲ್ಯೂಸಿಎಜಿಯೂ ಹಾಗೇ ಹೇಳುತ್ತದೆ: ಒಂದು ಪ್ರಕ್ರಿಯೆಯ ಒಂದು ಪುಟ ತಪ್ಪಿದರೆ ಇಡೀ ಪ್ರಕ್ರಿಯೆ ಹೊಂದಿಕೆಯಾಗಿಲ್ಲ ಎಂದೇ ಅರ್ಥ. ಪ್ರತಿ ಕೆಲಸವನ್ನೂ ನಾಲ್ಕು ರೀತಿ ನೋಡಬೇಕು: ಬರೀ ಕೀಬೋರ್ಡಿನಿಂದ, ವಿಂಡೋಸ್‌ನಲ್ಲಿ ಎನ್‌ವಿಡಿಎ ಜೊತೆ, ಆಂಡ್ರಾಯ್ಡ್ ಫೋನಿನಲ್ಲಿ ಅದರದೇ ಸ್ಕ್ರೀನ್ ರೀಡರ್ ಆದ ಟಾಕ್‌ಬ್ಯಾಕ್ ಜೊತೆ, 1280 ಪಿಕ್ಸೆಲ್ ಅಗಲದ ಪರದೆಯಲ್ಲಿ ಶೇ 400ಕ್ಕೆ ಹಿಗ್ಗಿಸಿ, ಅಡ್ಡ ಸರಿಸುವ ಗೋಜಿಲ್ಲದೆ. ಫೋನಿನ ಪರೀಕ್ಷೆಯನ್ನು ಬಿಡಲೇಬೇಡಿ, ನಮ್ಮ ತಾಲ್ಲೂಕುಗಳಲ್ಲಿ ಹೆಚ್ಚಿನವರ ಕಂಪ್ಯೂಟರು ಫೋನೇ. ಇದಲ್ಲದೆ ಪರೀಕ್ಷೆಗೆಂದು ಮೊದಲೇ ಆರಿಸಿದ ಮಾದರಿ ಪುಟಗಳ ಶೇ 10ರಷ್ಟು ಸಂಖ್ಯೆಯ ಬೇರೆ ಪುಟಗಳನ್ನು ಚೀಟಿ ಎತ್ತಿದಂತೆ ಆರಿಸಿ ನೋಡುವುದು ಡಬ್ಲ್ಯೂ3ಸಿ ಮೌಲ್ಯಮಾಪನ ವಿಧಾನದಲ್ಲಿರುವ ಕ್ರಮ. ಮಾದರಿ ಪುಟಗಳನ್ನಷ್ಟೇ ತೊಳೆದಿಟ್ಟಿದ್ದರೆ ಇಲ್ಲಿ ಸಿಕ್ಕಿಬೀಳುತ್ತದೆ.

ನೋಡುವವರು ಯಾರು? ತಪಾಸಕರನ್ನು ನೇಮಿಸುವವರೂ ಹಣ ಕೊಡುವವರೂ ನೀವೇ ಆಗಿರಬೇಕು. ಏಜೆನ್ಸಿ ನೇಮಿಸಿದರೆ ವರದಿ ಏಜೆನ್ಸಿಯ ಪರವೇ ಬರುತ್ತದೆ. ಕೇಂದ್ರದ ಗುಣಮಟ್ಟ ಪರೀಕ್ಷಾ ಸಂಸ್ಥೆ ಎಸ್‌ಟಿಕ್ಯೂಸಿ ಸರ್ಕಾರಿ ಜಾಲತಾಣಗಳಿಗೆ ಮಾರ್ಗಸೂಚಿಯ ಆಧಾರದಲ್ಲಿ ಪ್ರಮಾಣಪತ್ರ ಕೊಡುತ್ತದೆ. ತಪಾಸಕರ ಜೊತೆಗೆ ವಿಕಲಚೇತನ ಬಳಕೆದಾರರು ನಾಲ್ಕೈದು ಜನ ಬೇಕು: ಸ್ಕ್ರೀನ್ ರೀಡರ್ ಬಳಸುವ ಒಬ್ಬರು ಕಂಪ್ಯೂಟರಿನಲ್ಲಿ, ಒಬ್ಬರು ಫೋನಿನಲ್ಲಿ, ದೃಷ್ಟಿ ಮಂದವಾದ ಒಬ್ಬರು, ಕೈ ಚಲನೆಯ ತೊಂದರೆ ಇರುವ ಒಬ್ಬರು. ವಿಡಿಯೋ ಇದ್ದರೆ ಕಿವುಡರಾದ ಒಬ್ಬರು. ಹುಡುಕುವುದು ಕಷ್ಟವಲ್ಲ. ಜಿಲ್ಲಾ ವಿಕಲಚೇತನರ ಕಲ್ಯಾಣಾಧಿಕಾರಿಗಳ ಕಚೇರಿ ಇದೆ, ತಾಲ್ಲೂಕಿಗೆ ಎಂಆರ್‌ಡಬ್ಲ್ಯೂ, ಗ್ರಾಮ ಪಂಚಾಯಿತಿಗೆ ವಿಆರ್‌ಡಬ್ಲ್ಯೂ ಎಂಬ ಪುನರ್ವಸತಿ ಕಾರ್ಯಕರ್ತರಿದ್ದಾರೆ, ಅವರೂ ವಿಕಲಚೇತನರೇ. ಈ ಕೆಲಸಕ್ಕೆ ಸಂಭಾವನೆ ಕೊಡಲೇಬೇಕು, ಟೆಂಡರಿನ ಅಂದಾಜು ಪಟ್ಟಿಯಲ್ಲೇ ಅದಕ್ಕೊಂದು ಬಾಬ್ತು ಇಡಿ. ಅನುಭವಿ ಕಣ್ಣು, ಕಿವಿ, ಬೆರಳನ್ನು ಪುಕ್ಕಟೆ ಕರೆಯುವುದು ಅವಮಾನ.

ಪರೀಕ್ಷೆ ಯಾವಾಗ ಎಂಬುದೂ ಅಷ್ಟೇ ಮುಖ್ಯ. ಎಲ್ಲ ಮುಗಿದ ಮೇಲೆ ಒಂದೇ ಸಲ ಪರೀಕ್ಷೆ ಇಟ್ಟರೆ ಕಾಂಕ್ರೀಟ್ ಹಾಕಿದ ಮೇಲೆ ಕಂಬಿ ಎಷ್ಟಿತ್ತು ಎಂದು ಕೇಳಿದಂತಾಗುತ್ತದೆ. ಸಾಧಾರಣ ಜಾಲತಾಣವೊಂದು ಎಂಟು-ಹತ್ತು ಟೆಂಪ್ಲೇಟುಗಳ ಮೇಲೆ ನಿಂತಿರುತ್ತದೆ. ಟೆಂಪ್ಲೇಟಿನಲ್ಲೇ ತಪ್ಪಿದ್ದರೆ ನೂರಾರು ಪುಟಕ್ಕೂ ಅದೇ ತಪ್ಪು, ಅಲ್ಲೇ ತಿದ್ದಿದರೆ ಒಂದೇ ಕಡೆ ತಿದ್ದುಪಡಿ. ಆದ್ದರಿಂದ ಮಾಹಿತಿ ತುಂಬುವ ಮೊದಲು ಟೆಂಪ್ಲೇಟು ಮಟ್ಟದಲ್ಲಿ ಒಂದು ತಪಾಸಣೆ ಕಡ್ಡಾಯ.

ಹಣದ ಕಂತು, ತಪ್ಪಿನ ದರ್ಜೆ

ಕಂತುಗಳನ್ನು ಹೀಗೆ ಹಂಚಬಹುದು: ವಿನ್ಯಾಸ ಒಪ್ಪಿಗೆಗೆ ಶೇ 10, ಟೆಂಪ್ಲೇಟು ತಪಾಸಣೆ ದಾಟಿದ ಮೇಲೆ ಶೇ 20, ಕೆಲಸ ಪೂರ್ತಿಯಾದಾಗ ಶೇ 30, ಸ್ವೀಕಾರ ಪರೀಕ್ಷೆ ದಾಟಿದ ಮೇಲೆ ಶೇ 25, ಜಾಲತಾಣ ಮೂರು ತಿಂಗಳು ನಡೆದು ಮರುಪರೀಕ್ಷೆಯಾದ ಮೇಲೆ ಶೇ 15. ನಿಮ್ಮ ಲೆಕ್ಕಪತ್ರ ಶಾಖೆ ಬೇರೆ ಅಂಕಿ ಹೇಳಬಹುದು, ಹೇಳಲಿ. ಸ್ವೀಕಾರ ಪರೀಕ್ಷೆಯ ಹೊತ್ತಿಗೆ ಏಜೆನ್ಸಿಗೆ ಮರಳಿ ಬರುವ ಆಸೆ ಉಳಿಯುವಷ್ಟು ಹಣ ನಿಮ್ಮ ಬಳಿ ಇರಬೇಕು.

ತಪ್ಪುಗಳಿಗೆ ಮೂರು ದರ್ಜೆ ಸಾಕು. ಕೆಲಸವೇ ಮುಂದೆ ಹೋಗದಂತೆ ಮಾಡುವ ತಪ್ಪು, ಉದಾಹರಣೆಗೆ ಕೀಬೋರ್ಡಿಗೆ ಸಿಗದ "ಹಣ ಕಟ್ಟಿ" ಗುಂಡಿ: 3 ಕೆಲಸದ ದಿನದೊಳಗೆ. ಕೆಲಸ ಆಗುತ್ತದೆ ಆದರೆ ಇನ್ನೊಬ್ಬರ ನೆರವು ಬೇಕು, ಉದಾಹರಣೆಗೆ ಯಾವ ಖಾನೆ ತಪ್ಪಾಗಿದೆ ಎಂಬುದನ್ನು ಕೆಂಪು ಬಣ್ಣದಿಂದ ಮಾತ್ರ ತೋರಿಸುವುದು: 10 ದಿನ. ಉಳಿದವು: 30 ದಿನ. ಮೊದಲ ಎರಡು ದರ್ಜೆಯ ತಪ್ಪು ಒಂದಿದ್ದರೂ ಜಾಲತಾಣ ಜನರ ಮುಂದೆ ಹೋಗುವಂತಿಲ್ಲ. ಮೊದಲ ಮರುಪರೀಕ್ಷೆಯ ಖರ್ಚು ನಿಮ್ಮದು, ಆಮೇಲಿನವು ಏಜೆನ್ಸಿಯದು. ವಿಳಂಬಕ್ಕೆ ವಾರಕ್ಕೆ ಶೇ 0.5, ಒಟ್ಟು ಶೇ 10 ಮೀರದಂತೆ ಎಂದು ಬರೆಯಬಹುದು. ಕರಾರು ಕಾಯ್ದೆಯ ಕಲಂ 74ರಂತೆ ನ್ಯಾಯಾಲಯ ಬರೆದ ಮೊತ್ತದ ಮಿತಿಯೊಳಗೆ ನ್ಯಾಯವಾದದ್ದನ್ನು ಕೊಡಿಸುತ್ತದೆ, ಹೆದರಿಸಲೆಂದು ಬರೆದ ದೊಡ್ಡ ಅಂಕಿ ನಿಲ್ಲುವುದಿಲ್ಲ. ಸಂಸ್ಥೆಯ ಮೇಲೆ ದಂಡ ಬಿದ್ದರೆ ಏಜೆನ್ಸಿ ಭರಿಸಬೇಕೆಂಬ ಷರತ್ತೂ ಇರಲಿ. ಅದರಿಂದ ಹಣ ಮರಳಬಹುದು, ಕಾನೂನಿನ ಹೊಣೆ ಮಾತ್ರ ನಿಮ್ಮ ಮೇಲೆಯೇ ಇರುತ್ತದೆ.

ಪುಟದ ಮೂಲೆಯಲ್ಲಿ ಗಾಲಿಕುರ್ಚಿಯ ಚಿಹ್ನೆ ಇರುವ ಒಂದು ಗುಂಡಿ ಅಂಟಿಸಿ "ಒಂದೇ ಸಾಲಿನ ಕೋಡ್, ಎಲ್ಲ ಸರಿ" ಎನ್ನುವವರಿದ್ದಾರೆ. ಒವರ್‌ಲೇ ಎನ್ನುತ್ತಾರೆ. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2025ರ ಜನವರಿಯಲ್ಲಿ ಆಕ್ಸೆಸಿಬಿ ಎಂಬ ಇಂಥ ಕಂಪನಿ, ತನ್ನ ಸಾಧನ ಯಾವುದೇ ಜಾಲತಾಣವನ್ನು ಡಬ್ಲ್ಯೂಸಿಎಜಿಗೆ ಹೊಂದಿಸುತ್ತದೆ ಎಂದು ಹೇಳಿಕೊಂಡದ್ದು ತಪ್ಪು ಪ್ರಚಾರ ಎಂದು ಆರೋಪಿಸಿ, 10 ಲಕ್ಷ ಡಾಲರ್ ಕೊಡುವಂತೆ ಆದೇಶ ಪ್ರಕಟಿಸಿತು. ಖಾನೆಗೆ ಹೆಸರೇ ಇಲ್ಲದಿದ್ದರೆ ಮೇಲಿನಿಂದ ಅಂಟಿಸಿದ ಗುಂಡಿಗೆ ಅದರ ಸರಿಯಾದ ಹೆಸರು ತಿಳಿಯುವ ಖಾತ್ರಿಯಿಲ್ಲ. ಕರಾರಿನಲ್ಲಿ ಬರೆಯಿರಿ: "ಒವರ್‌ಲೇ ಸಾಧನವನ್ನು ಹೊಂದಿಕೆಯ ಪುರಾವೆಯಾಗಿ ಪರಿಗಣಿಸಲಾಗುವುದಿಲ್ಲ."

ಜಾಲತಾಣ ಕೈಗೆ ಬಂದ ಮೇಲೆ ಅದನ್ನು ಕೆಡಿಸುವವರು ಹೆಚ್ಚಾಗಿ ನಾವೇ, ದಿನಾ ಮಾಹಿತಿ ಏರಿಸುವವರು. ಆದ್ದರಿಂದ ಚಿತ್ರಕ್ಕೆ ವಿವರಣೆ ಬರೆಯದೆ ಏರಿಸಲು ಬಿಡದಂಥ ಒಳವ್ಯವಸ್ಥೆ, ತಲೆಬರಹಕ್ಕೆ ಬರೀ ದಪ್ಪಕ್ಷರ ಮಾಡದೆ ತಲೆಬರಹದ ಗುರುತನ್ನೇ ಹಾಕಿಸುವ ಸಂಪಾದಕ, ಸಿಬ್ಬಂದಿಗೆ ಕನ್ನಡದಲ್ಲಿ ಎರಡು ತರಬೇತಿ, ಇವೂ ಕೆಲಸದ ವ್ಯಾಪ್ತಿಯಲ್ಲಿರಲಿ. ವಾರ್ಷಿಕ ನಿರ್ವಹಣಾ ಕರಾರಿನಲ್ಲಿ (ಎಎಂಸಿ) ಪ್ರತಿ ಹೊಸ ಬಿಡುಗಡೆಗೂ ಅದೇ ಪರೀಕ್ಷೆ ಎಂದು ಬರೆಯಿರಿ. ಮೂಲ ಕೋಡ್, ವಿನ್ಯಾಸದ ಕಡತ ಹಸ್ತಾಂತರವಾಗಲಿ, ಇಲ್ಲದಿದ್ದರೆ ಮುಂದಿನ ಏಜೆನ್ಸಿ ಮೊದಲಿನಿಂದ ಶುರು ಮಾಡುತ್ತದೆ.

ಸಭಿಕರ ಪ್ರಶ್ನೆಗಳಲ್ಲಿ ಕೆಲವು

ಸಹಿ, ಮೊಹರು ಇರುವ ಆದೇಶವನ್ನು ಸ್ಕ್ಯಾನ್ ಮಾಡಿಯೇ ಹಾಕಬೇಕಲ್ಲ, ಏನು ಮಾಡುವುದು?

ಸ್ಕ್ಯಾನ್ ಪ್ರತಿ ಇರಲಿ, ಅದರ ಪಕ್ಕದಲ್ಲೇ ಅದೇ ಪಠ್ಯ ಯೂನಿಕೋಡ್‌ನಲ್ಲಿ ಪುಟವಾಗಿ ಇರಲಿ. ಟೈಪ್ ಮಾಡಿದ ಮೂಲ ಕಡತ ನಿಮ್ಮ ಕಂಪ್ಯೂಟರಿನಲ್ಲೇ ಇರುತ್ತದೆ. ಮೂಲ ಸಿಗದ ಹಳೆಯ ಆದೇಶಗಳಿಗೆ ಚಿತ್ರದಿಂದ ಪಠ್ಯ ತೆಗೆಯುವ ಒಸಿಆರ್ ಇದೆ, ಟೆಸರ್ಯಾಕ್ಟ್ ಎಂಬ ಉಚಿತ ತಂತ್ರಾಂಶ ಕನ್ನಡವನ್ನೂ ಓದುತ್ತದೆ. ಆದರೆ ಹೊರಬಂದ ಪಠ್ಯವನ್ನು ಒಬ್ಬರು ಓದಿ ತಿದ್ದಲೇಬೇಕು, ವಿಶೇಷವಾಗಿ ಅಂಕಿ ಮತ್ತು ತಾರೀಖು.

ಮೂರು ವರ್ಷದ ಕರಾರು ಈಗಾಗಲೇ ನಡೆಯುತ್ತಿದೆ. ಈಗೇನೂ ಮಾಡಲಾಗದೇ?

ಮೊದಲು ಹಳೆಯ ಕರಾರನ್ನು ಓದಿ. "ಜಾರಿಯಲ್ಲಿರುವ ಎಲ್ಲ ಕಾನೂನುಗಳನ್ನು ಪಾಲಿಸತಕ್ಕದ್ದು" ಎಂಬ ಸಾಲು ಬಹುತೇಕ ಇರುತ್ತದೆ, ಪತ್ರ ಬರೆಯಲು ಅದು ಆಧಾರ. ಅತಿ ಮುಖ್ಯವಾದ ಎರಡು ಕೆಲಸ ಆರಿಸಿ ಪರೀಕ್ಷೆ ಮಾಡಿಸಿ, ಸಿಕ್ಕ ತಪ್ಪುಗಳನ್ನು ಎಎಂಸಿ ದೂರಾಗಿ ದಾಖಲಿಸಿ. ಹೆಚ್ಚುವರಿ ಹಣ ಬೇಕಾಗುವ ಕೆಲಸಕ್ಕೆ ಪೂರಕ ಕರಾರು. ಎಎಂಸಿ ನವೀಕರಣದ ತಾರೀಖಿಗೆ ಆರು ತಿಂಗಳು ಮೊದಲೇ ಹೊಸ ಷರತ್ತು ಮಂಡಿಸಿ, ನವೀಕರಣದ ಹೊತ್ತಿನಲ್ಲಿ ಏಜೆನ್ಸಿ ಒಪ್ಪುವಷ್ಟು ಬೇರೆ ಯಾವಾಗಲೂ ಒಪ್ಪುವುದಿಲ್ಲ.

ನಮ್ಮದು ಸಣ್ಣ ಸೌಹಾರ್ದ ಸಹಕಾರಿ. ಇಷ್ಟೆಲ್ಲ ಬರೆಯಲು ವಕೀಲರಿಲ್ಲ, ತಪಾಸಕರನ್ನು ಕರೆಯಲು ಹಣವಿಲ್ಲ.

ಹಾಗಾದರೆ ಕೆಲಸದ ಆದೇಶದಲ್ಲೇ ನಾಲ್ಕು ಸಾಲು ಬರೆಯಿರಿ. ಡಬ್ಲ್ಯೂಸಿಎಜಿ 2.2 ಎಎ ಮಟ್ಟ. ಲಾಗಿನ್, ಠೇವಣಿ ವಿವರ, ಸಾಲದ ಅರ್ಜಿ ಈ ಮೂರೂ ಬರೀ ಕೀಬೋರ್ಡಿನಿಂದಲೂ, ಟಾಕ್‌ಬ್ಯಾಕ್ ಹಾಕಿದ ಫೋನಿನಿಂದಲೂ ಪೂರ್ತಿಯಾಗಬೇಕು. ಎಲ್ಲ ಪಠ್ಯ ಯೂನಿಕೋಡ್ ಕನ್ನಡದಲ್ಲಿ, ಪುಟದ ಭಾಷೆಯ ಗುರುತು ಕನ್ನಡ. ಈ ಪರೀಕ್ಷೆ ದಾಟುವವರೆಗೆ ಬಿಲ್ಲಿನ ಶೇ 25 ಕೊಡುವುದಿಲ್ಲ. ಪರೀಕ್ಷೆಗೆ ನಿಮ್ಮದೇ ಸದಸ್ಯರಲ್ಲಿ ಟಾಕ್‌ಬ್ಯಾಕ್ ಬಳಸುವವರನ್ನು ಕರೆಯಿರಿ, ಅರ್ಧ ದಿನದ ಸಂಭಾವನೆ ಕೊಡಿ, ಅವರು ಎಲ್ಲಿ ನಿಂತರೋ ಅದನ್ನು ತಾರೀಖು ಹಾಕಿ ಬರೆದು ಏಜೆನ್ಸಿಗೆ ಕಳಿಸಿ.